ಹನ್ನೊಂದು ಹಾರ, ಒಂದು ಪಾಯಿಂಟ್

ಜನವರಿ 5, ಭಾನುವಾರ. ಸಂಜೆ 6

ನಿಟ್ಟೂರು ಶಾಲೆಯ ಮೈದಾನದಿಂದ ಈಗಷ್ಟೇ ಬಂದೆ. ಲೆನ್ಸಿನ ಮೇಲೆಲ್ಲ ಕೆಂಪು ಧೂಳು. ಮೊದಲು ಬ್ಲೋವರ್‌, ಆಮೇಲೆ ಬ್ರಷ್, ಕೊನೆಗೆ ಬಟ್ಟೆ. ಬಟ್ಟೆ ಮೊದಲು ಹಾಕಿದರೆ ಗಾಜಿಗೆ ಗೀರು.

ನಿಟ್ಟೂರು ವಾಲಿಬಾಲ್ ಟೀಮಿನ ಚೈತ್ರಾ ನನಗೋಸ್ಕರ ನಲವತ್ತು ಸಲ ಹಾರಿ ಹೊಡೆದಳು. ಪೆಟ್ರೋಲ್ ಬಂಕಿನ ಡ್ಯೂಟಿ ಮುಗಿಸಿ ಬಂದವಳು, ಪಾಪ. ನಲವತ್ತರಲ್ಲಿ ಮೂವತ್ತೊಂದು ಫ್ರೇಮ್ ಬರೀ ನೆಟ್! ಆಟೋಫೋಕಸ್ ಸತ್ತ ಹಳೆ ಲೆನ್ಸ್. ನೆಟ್ಟಿನ ಮೇಲಂಚಿಗೆ ಕೈಯಲ್ಲೇ ಫೋಕಸ್ ಮಾಡಿಟ್ಟು, ಅವಳು ಅಲ್ಲಿಗೆ ಬರುವುದನ್ನು ಕಾಯಬೇಕು. ಅವಳು ಮೇಲೆ ತಲುಪಿದ ಮೇಲೆ ಒತ್ತಿದರೆ ತಡ. ಕಾಲು ನೆಲ ಬಿಡುವಾಗಲೇ ಬೆರಳಿಗೆ ಹೇಳಬೇಕು... ಬೆರಳು ಕೇಳಿ ಒತ್ತುವಷ್ಟರಲ್ಲಿ ಅವಳು ಮೇಲಿರುತ್ತಾಳೆ.

ಒತ್ತಿದ ಕ್ಷಣ ಕ್ಯಾಮೆರಾದೊಳಗಿನ ಕನ್ನಡಿ ಮೇಲೇಳುತ್ತದೆ. ಕಣ್ಣಿಗೆ ಕತ್ತಲು. ಕೈ ಚೆಂಡಿಗೆ ತಗುಲಿದ್ದು ನನಗೆ ಕಂಡಿತು ಅಂದರೆ ಫೋಟೋ ತಪ್ಪಿತು ಅಂತಲೇ ಲೆಕ್ಕ.

ಜನವರಿ 9

ಸುರೇಂದ್ರಣ್ಣ ನಮ್ಮ ಸ್ಟುಡಿಯೋಗೆ ಬಂದಿದ್ದರು. ಟೂರ್ನಮೆಂಟ್ ನಡೆಸುವ ಕ್ಲಬ್ಬಿನ ಅಧ್ಯಕ್ಷರು. ಹತ್ತೊಂಬತ್ತಕ್ಕೆ ರಿಪ್ಪನ್‌ಪೇಟೆಯಲ್ಲಿ ಮಹಿಳೆಯರ ಫೈನಲ್, ಫೋಟೋ ಎಂದಿನಂತೆ ನನ್ನದೇ. ದೀಪ ಹಚ್ಚುವುದು, ಹಾರ, ಶಾಲು, ಅತಿಥಿಗಳು ಆಟಗಾರರ ಕೈ ಕುಲುಕುವುದು — ಪಟ್ಟಿ ಒಪ್ಪಿಸಿದರು.

ನನಗೆ ಸಿಟ್ಟು ಬರುವುದು ಇಲ್ಲಿಯೇ. ಈ ಅತಿಥಿಗಳು ಸರಿಯಾಗಿ ಕೊನೆಯ ಪಾಯಿಂಟಿನ ಹೊತ್ತಿಗೇ ಕಾರಿಳಿಯುತ್ತಾರೆ. ಮೈಕಿನಲ್ಲಿ ನನ್ನ ಹೆಸರು ಕೂಗುತ್ತಾರೆ, ನಾನು ಕ್ಯಾಮೆರಾ ಹೊತ್ತು ಸ್ಟೇಜಿಗೆ ಓಡುತ್ತೇನೆ. ಹನ್ನೊಂದು ವರ್ಷದ ಫೈನಲ್. ನನ್ನ ಹತ್ತಿರ ಹನ್ನೊಂದು ಹಾರ ಇವೆ, ಕೊನೆಯ ಪಾಯಿಂಟ್ ಒಂದೂ ಇಲ್ಲ.

ಈ ಸಲ ಮ್ಯಾಚ್ ಮುಗಿದ ಮೇಲೇ ಸ್ಟೇಜಿಗೆ ಬರುವುದು ಎಂದೆ. ಅವರು ನಕ್ಕರು. “ಚೆಂಡಿನ ಫೋಟೋ ಯಾರಿಗೆ ಬೇಕು ಮಾರಾಯ್ತಿ? ನೀ ಸ್ಟೇಜ್ ನೋಡ್ಕ.”

ಅವರು ಹೋದ ಮೇಲೆ ನನ್ನ ಗಂಡ ಉಮೇಶ್ ಶುರುಮಾಡಿದರು. ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಲೇ ಉಪದೇಶ. ನಮಗೆ ಬರುವ ಮದುವೆ ಆರ್ಡರಿನಲ್ಲಿ ಅರ್ಧ ಸುರೇಂದ್ರಣ್ಣನ ಬಾಯಿಮಾತಿನಿಂದ ಬರುವುದಂತೆ. ಗೊತ್ತು. ನನಗೆ ಗೊತ್ತಿಲ್ಲದ್ದೇನೂ ಅಲ್ಲ.

ಜನವರಿ 18

ಎರಡು ಬ್ಯಾಟರಿ. ಕಾರ್ಡ್ ಖಾಲಿ. ಕ್ಯಾಮೆರಾ ಆನಿಸುವ ಒಂಟಿಕಾಲಿನ ಮೊನೊಪಾಡಿನ ಸಡಿಲ ತಿರುಪಿಗೆ ಟೇಪ್. ಕೂರಲು ಗೋಣಿಚೀಲ. ಉಮೇಶ್ ಮಾತು ಬಿಟ್ಟಿದ್ದಾರೆ. ಒಳ್ಳೆಯದೇ ಆಯಿತು.

ಜನವರಿ 19, ಭಾನುವಾರ. ಸಂಜೆ 7

ಆದದ್ದು ಆದ ಹಾಗೆ ಬರೆಯುತ್ತೇನೆ.

ಕೊನೆಯ ಸೆಟ್. ನಿಟ್ಟೂರು 14, ಕೋಣಂದೂರು 13. ಬೆಳಕು ಇಳಿಯುತ್ತಿತ್ತು. ಶಟರ್ ವೇಗ ಸಾವಿರಕ್ಕಿಂತ ಕೆಳಗಿಳಿಸಲು ಮನಸ್ಸಿಲ್ಲ, ಕಡಿಮೆ ಬೆಳಕಿಗೆಂದು ಐಎಸ್‌ಒ ಏರಿಸಿದೆ. ಫೋಟೋದಲ್ಲಿ ಕಾಳು ಕಾಳು ಕಾಣಲಿ, ಹೊಡೆಯುವ ಕೈ ಮಾತ್ರ ಅಲುಗಿದಂತೆ ಬರಬಾರದು. ನೆಟ್ ಕಂಬದ ಹತ್ತಿರ, ಸ್ಟೇಜಿಗೆ ಎದುರಾಗಿ ನೆಲದ ಮೇಲೆ ಕೂತಿದ್ದೆ. ಕಾರು ಬಂತು. ಮೈಕು: ಫೋಟೋಗ್ರಾಫರ್ ವೇದಾವತಿಯವರು ಕೂಡಲೇ ವೇದಿಕೆಗೆ ಬರಬೇಕು. ಒಂದು ಸಲ, ಎರಡು ಸಲ, ಮೂರು ಸಲ.

ಏಳಲಿಲ್ಲ.

ಕ್ಲಬ್ಬಿನವರು ರೆಫರಿಯ ಹತ್ತಿರ ಓಡಿದರು. ಆಟ ನಿಲ್ಲಿಸಿ, ಅತಿಥಿಗಳ ಕೈ ಕುಲುಕಲು ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಅಂತ. ರೆಫರಿ ಸೀಟಿ ಬಾಯಲ್ಲಿಟ್ಟುಕೊಂಡು ತಬ್ಬಿಬ್ಬು. ಚೈತ್ರಾ ಒಮ್ಮೆ ನನ್ನ ಕಡೆ ನೋಡಿದಳು. ನಾನು ಕೂತೇ ಇದ್ದೆ.

“ಸಾರ್, ಒಂದ್ ಪಾಯಿಂಟ್. ಮುಗ್ಸ್ಕಂಡೇ ಬರ್ತೀವಿ” ಎಂದು ರೆಫರಿಗೆ ಹೇಳಿದಳು.

ಕೋಣಂದೂರಿನ ಹುಡುಗಿಯೂ ಕೈಯಲ್ಲಿದ್ದ ಚೆಂಡು ಕೊಡಲಿಲ್ಲ. ಸರ್ವಿಸ್ ಲೈನಿನ ಹಿಂದೆ ಹೋಗಿ ನಿಂತಳು. ಅವಳು ಸೋಲುವ ಅಂಚಿನಲ್ಲಿದ್ದವಳು! ರೆಫರಿ ಸೀಟಿ ಊದಿದರು.

ಸರ್ವಿಸ್ ಬಂತು. ಎತ್ತಿದರು. ನೆಟ್ಟಿಗೆ ಜೋಡಿಸಿದರು. ಚೈತ್ರಾಳ ಕಾಲು ನೆಲ ಬಿಟ್ಟಿತು. ಕತ್ತಲು. ಮತ್ತೆ ಕಾಣುವಷ್ಟರಲ್ಲಿ ಚೆಂಡು ಆಚೆ ಬಿದ್ದಿತ್ತು, ಜನ ಎದ್ದು ಕುಣಿಯುತ್ತಿದ್ದರು. ಇಡೀ ಮೈದಾನ ಆ ಹೊಡೆತ ನೋಡಿತು, ನಾನೊಬ್ಬಳು ಬಿಟ್ಟು.

ಸ್ಕ್ರೀನ್ ಒತ್ತಿ ನೋಡಿದೆ. ಇದೆ. ಅಂಗೈ ಚೆಂಡಿನ ಮೇಲೆ, ಚೆಂಡು ಒಂದಿಷ್ಟು ಚಪ್ಪಟೆ, ಅವಳ ಹಲ್ಲು ಕಚ್ಚಿದ ಮುಖ. ಹಿಂದೆ ಮಸುಕಾಗಿ ಸ್ಟೇಜ್. ಅಲ್ಲಿ ಸುರೇಂದ್ರಣ್ಣ, ಎರಡೂ ಕೈಯಲ್ಲಿ ಹಾರ ಹಿಡಿದು, ಅತಿಥಿಗಳಿಗೆ ಬೆನ್ನು ಹಾಕಿ, ಬಾಯಿ ತೆರೆದು ಮ್ಯಾಚ್ ನೋಡುತ್ತಿದ್ದಾರೆ.

ಕೂತಲ್ಲೇ ಅತ್ತುಬಿಟ್ಟೆ. ಖುಷಿಗೆ.

ಜನವರಿ 20

ಸುರೇಂದ್ರಣ್ಣನ ಫೋನ್. ಇನ್ನು ಕ್ಲಬ್ಬಿನ ಕೆಲಸವೆಲ್ಲ ಶಿವಮೊಗ್ಗದ ಫೋಟೋಗ್ರಾಫರ್ ಒಬ್ಬನಿಗೆ. ಆಗಲಿ ಎಂದೆ.

ಜನವರಿ 27

ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸ್ಟುಡಿಯೋ ಎದುರಿನ ಗಾಜಿನಲ್ಲಿಟ್ಟು ನಾಲ್ಕು ದಿನ. ಬಸ್ಸಿಳಿದವರೆಲ್ಲ ನಿಂತು ನೋಡಿ ಹೋಗುತ್ತಾರೆ. ಇವತ್ತು ಸುರೇಂದ್ರಣ್ಣನೂ ನಿಂತರು. ಬಹಳ ಹೊತ್ತು. ಒಳಗೆ ಬಂದು, ತನ್ನನ್ನು ಅದರಿಂದ ಕತ್ತರಿಸಿ ತೆಗೆದರೆ ಮುಂದಿನ ವರ್ಷದ ಆರ್ಡರ್ ಮತ್ತೆ ನನಗೇ ಎಂದರು. ಅತಿಥಿಗಳು ನೋಡಿದರೆ ಏನು ತಿಳಿದುಕೊಳ್ಳುತ್ತಾರೆ ಅನ್ನುವ ಚಿಂತೆ.

“ಕತ್ತರಿಸಲ್ಲ ಸುರೇಂದ್ರಣ್ಣ. ನೀವೂ ಮ್ಯಾಚೇ ನೋಡ್ತಿದ್ರಿ. ಅದ್ರಲ್ಲಿ ನಾಚ್ಕೆ ಎಂತದು?”

ಚಪ್ಪಲಿ ಮೆಟ್ಟಿ ಹೊರಟರು. ಉಮೇಶ್ ಕಟರ್ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅದನ್ನು ಡ್ರಾಯರಿಗೆ ಹಾಕಿ, “ಗಾಜು ಒರಸ್ಬೇಕು, ಧೂಳಾಗಿದೆ” ಎಂದು ಹೊರಗೆ ಹೋದರು.

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 7.20, ಬಸ್‌ಸ್ಟ್ಯಾಂಡ್

ಎರಡು ಮದುವೆ ಕೈತಪ್ಪಿದವು. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ.

ಇವತ್ತು ಕೋಣಂದೂರಿನಲ್ಲಿ ಮ್ಯಾಚ್. ಆರ್ಡರ್ ಶಿವಮೊಗ್ಗದವನದು. ನನ್ನನ್ನು ಯಾರೂ ಕರೆದಿಲ್ಲ. ಅಂದಮೇಲೆ ಸ್ಟೇಜಿಗೂ ಯಾರೂ ಕರೆಯುವಂತಿಲ್ಲ. ಮೊದಲ ಸರ್ವಿಸಿನಿಂದ ಕೊನೆಯ ಪಾಯಿಂಟಿನವರೆಗೂ ಲೈನಿನ ಪಕ್ಕದಲ್ಲೇ ಕೂರುತ್ತೇನೆ. ಯಾರು ಎಬ್ಬಿಸುತ್ತಾರೋ ನೋಡೋಣ. ಬಸ್ಸು ಬಂತು, ಕಿಟಕಿ ಸೀಟು ಸಿಕ್ಕರೆ ಮುಂದಿನದನ್ನು —