ಟೇಪಿನಡಿ ಬಿಳಿಚಿದ ಬೆರಳು

ಇಸವಿ 2291, ಫೆಬ್ರವರಿ ಮೂವತ್ತು. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವಿಲ್ಲ, ನಮ್ಮದರಲ್ಲಿದೆ.

ಪೂಜ್ಯ ಪ್ರಫುಲ್ಲಾ ಅಜ್ಜಿಯವರಿಗೆ ನೇಸರಿಯ ನಮಸ್ಕಾರಗಳು. ನಿಮಗಿನ್ನೂ ಇಪ್ಪತ್ತಮೂರು ವರ್ಷ. ಅಜ್ಜಿ ಎಂದದ್ದಕ್ಕೆ ಕ್ಷಮೆಯಿರಲಿ. ನಾನು ನಿಮ್ಮ ವಂಶದ ಒಂಬತ್ತನೆಯ ತಲೆಮಾರಿನವಳು, ನಿಮ್ಮಂತೆಯೇ ವಾಲಿಬಾಲ್ ಆಡುವವಳು. ನನ್ನ ಮಾತು ವಿಚಿತ್ರವೆನಿಸಿದರೆ ಸಹಿಸಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿ ಮಕ್ಕಳಿಗೆ ಅನ್ನ ಉಣಿಸುವಾಗ ತೋರಿಸುವುದು ಚಂದಮಾಮನನ್ನಲ್ಲ, ನಿಮ್ಮ ಸ್ಮ್ಯಾಶಿನ ವಿಡಿಯೊವನ್ನು. ನಾನು ಎಷ್ಟೇ ಚೆನ್ನಾಗಿ ಹೊಡೆದರೂ ಅಮ್ಮ, "ಪ್ರಫುಲ್ಲಜ್ಜಿ ಆಗಿದ್ರೆ..." ಎಂದು ಶುರುಮಾಡುತ್ತಾಳೆ. ನೀವು ದಿನಕ್ಕೆ ಮುನ್ನೂರು ಸಲ ಹೊಡೆಯುತ್ತಿದ್ದಿರಿ. ನನ್ನ ಭುಜದಲ್ಲಿ ತೋಳ್ಗಾವಲಿದೆ. ಚರ್ಮದಡಿ ಕೂತು ರಕ್ತದ ಓಟ ನೋಡುವ, ಅಕ್ಕಿಕಾಳಿನಷ್ಟು ಯಂತ್ರ. ನಲವತ್ತನೆಯ ಹೊಡೆತಕ್ಕೆ ಅದು ಪೀಂ ಎಂದರೆ ರೆಫರಿ ಹೊರಗೆ ಕಳಿಸುತ್ತಾರೆ. ಕಳೆದ ಫೈನಲ್‌ನಲ್ಲಿ ಒಂದೇ ಅಂಕ ಬೇಕಿದ್ದಾಗಲೂ ಕಳಿಸಿದರು. ಬೆಂಚಿನ ಮೇಲೆ ಕೂತು, ಲೆಕ್ಕವಿಲ್ಲದೆ ಹೊಡೆದ ನಿಮ್ಮನ್ನೇ ಬೈದುಕೊಂಡೆ.

ನಿಮ್ಮ ದಿನಚರಿ ಓದಿದ್ದೇನೆ. ಆಟದ ನಡುವೆ ಬೆರಳು ತಣ್ಣಗಾಗಿ ಬಿಳಿಚಿದಾಗಲೆಲ್ಲ ನೀವು ಗೆಳತಿಗೆ ಕೈಯೊಡ್ಡಿ, "ಟೇಪ್ ಬಿಗಿ ಆಯ್ತು ಕಣೇ, ಸ್ವಲ್ಪ ಸಡಿಲ ಮಾಡು" ಎನ್ನುತ್ತಿದ್ದಿರಿ. ಬೆರಳಿಗೆ ಟೇಪ್ ಸುತ್ತಿ ಆಡುವ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ತಪ್ಪು ಟೇಪಿನದಲ್ಲ. ಕೈಯೆತ್ತಿ ಹೊಡೆದು ಹೊಡೆದು ನಿಮ್ಮ ಭುಜದ ಅಪಧಮನಿ ಉಬ್ಬಿದೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಚೂರುಚೂರಾಗಿ ಬೆರಳಿಗೆ ಇಳಿಯುತ್ತಿದೆ. ಈ ಭಾನುವಾರದ ಪಂದ್ಯ ಆಡಿದರೆ ಎರಡು ಬೆರಳು ಹೋಗುತ್ತವೆ. ಅಲ್ಲಿಗೆ ನಿಮ್ಮ ಆಟವೂ ಮುಗಿಯುತ್ತದೆ.

ನಮಗೆ ಆಯುಷ್ಯಕ್ಕೆ ಒಂದೇ ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಬರೆಯುವ ಕಾಗದ. ಇದನ್ನು ಮೂರು ವರ್ಷ ಕಳಿಸದೆ ಇಟ್ಟುಕೊಂಡಿದ್ದೆ. ಹೇಳಲು ನಾಚಿಕೆಯಾಗುತ್ತದೆ. ಕೈ ಉಳಿದರೆ ನೀವು ಇನ್ನೂ ಹತ್ತು ವರ್ಷ ಆಡುತ್ತೀರಿ, ಆಮೇಲೆ ನನ್ನ ಹೆಸರು ಯಾರು ಎತ್ತುತ್ತಾರೆ? ಮೊನ್ನೆ ನಿಮ್ಮ ಕೊನೆಯ ವಿಡಿಯೊ ಸಿಕ್ಕಿತು. ಗೆಳತಿಯರು ಆಡುತ್ತಿದ್ದಾರೆ, ನೀವು ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದೀರಿ. ಆ ಮುಖ ನನಗೆ ಗೊತ್ತು. ಅದು ನನ್ನದೇ ಮುಖ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಇವತ್ತೇ ಟೇಪನ್ನು ಪೂರ್ತಿ ಬಿಚ್ಚಿ, ರಕ್ತನಾಳದ ಡಾಕ್ಟರಿಗೆ ಬೆರಳಿನ ಜೊತೆ ಭುಜವನ್ನೂ ತೋರಿಸಿ. ಭಾನುವಾರ ಆಡಬೇಡಿ. ಆಡುವವರನ್ನು ನೋಡಿ ಹೊಟ್ಟೆ ಉರಿಯುತ್ತದೆ, ಬಲ್ಲೆ. ಕೆಲವು ತಿಂಗಳು ಉರಿಯಲಿ, ಅಜ್ಜಿ. ನಾನಿಲ್ಲಿ ಬದುಕಿಡೀ ಉರಿದುಕೊಳ್ಳಲು ಒಪ್ಪಿದ್ದೇನೆ.