ಹಸಿರು ಹೆಬ್ಬಾವಿಗೆ ಒರಟು ಕೋಲು

ಜೂನ್ ೧೪, ಶುಕ್ರವಾರ. ಚನ್ನಪಟ್ಟಣ.

ಕೊನೆಗೂ ಹಾವು ಕೋಲು ಹತ್ತಿತು. ಜಂಬ ಪಡಬಾರದು ಅಂದುಕೊಂಡರೂ ನಗು ನಿಲ್ಲುತ್ತಿಲ್ಲ.

ಮರದ ಮೇಲೇ ಬದುಕುವ ಜಾತಿ ಈ ಹಸಿರು ಹೆಬ್ಬಾವು. ಸಾಕಲೆಂದು ನಾನು ತಂದ ದಿನದಿಂದ ಗಾಜಿನ ಗೂಡಿನ ನೆಲದಲ್ಲೇ ಬಿದ್ದಿತ್ತು, ಏನೂ ತಿಂದಿರಲಿಲ್ಲ. ಬಿಸಿಗೆ ದೀಪ ಇತ್ತು, ತೇವಕ್ಕೆ ದಿನಾ ನೀರು ಚಿಮುಕಿಸುತ್ತಿದ್ದೆ. ತಪ್ಪಿದ್ದದ್ದು ಕೋಲಿನಲ್ಲಿ. ಬೊಂಬೆ ಮಾಡುವ ಮನೆಯವನಲ್ಲವೇ ನಾನು, ಹಾಲೆ ಮರದ ಕೋಲನ್ನು ಲೇತ್ ಯಂತ್ರದಲ್ಲಿ ತಿರುಗಿಸಿ ನುಣುಪು ಮಾಡಿ, ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ, ಮುಖ ಕಾಣುವಷ್ಟು ಹೊಳಪು ಬರಿಸಿದ್ದೆ. ಪಾಪ, ಅದು ಸುತ್ತಿಕೊಳ್ಳಲು ಹೋದಾಗಲೆಲ್ಲ ಜಾರಿ ಬೀಳುತ್ತಿತ್ತು.

ಇವತ್ತು ಸಂಜೆ ಅರಗನ್ನೆಲ್ಲ ಉಳಿಯಲ್ಲಿ ಕೆರೆದು ಮರವನ್ನು ತರಿತರಿ ಮಾಡಿದೆ. ಅಪ್ಪ ನೋಡಿಬಿಟ್ಟರು.

"ಏನ್ಲಾ, ಆದ ಕೆಲ್ಸನ ಕೆಡುಸ್ತಾ ಕುಂತಿದ್ದೀಯ?"

ಕೋಲನ್ನು ಗೂಡಿನೊಳಗೆ ಅಡ್ಡ ಕಟ್ಟಿದೆ. ಹಾವು ನಿಧಾನಕ್ಕೆ ಮೇಲೇರಿತು. ಮೈಯನ್ನು ಸುರುಳಿ ಮಾಡಿ ಕೋಲಿನ ಎರಡೂ ಬದಿ ಇಳಿಬಿಟ್ಟು, ನಡುವೆ ತಲೆಯಿಟ್ಟು ಕೂತಿತು. ನಾನು ಮಾಡಿದ ಯಾವ ಬೊಂಬೆಯನ್ನೂ ಇಷ್ಟು ಹೊತ್ತು ನಿಂತು ನೋಡಿದ್ದಿಲ್ಲ.

ಅಪ್ಪನೂ ನಿಂತೇ ಇದ್ದರು. "ಒಸಿನೂ ಜಾರ್ತಿಲ್ವಲ್ಲಲಾ," ಅಂದರು.

ನಮ್ಮಲ್ಲಿ ತಯಾರಾದ ಪ್ರತಿ ಸಾಮಾನಿನ ಮೇಲೂ ಅವರು ಹೆಬ್ಬೆರಳು ಆಡಿಸುತ್ತಾರೆ, ಒರಟು ತಗುಲಿದರೆ ಸೀದಾ ಒಲೆಗೆ. ಗೂಡಿಗೆಂದೇ ನಾನು ಜೊತೆಗೆ ಕೆರೆದಿಟ್ಟಿದ್ದ ಇನ್ನೊಂದು ಕೋಲಿನ ಮೇಲೂ ಆಡಿಸಿದರು. ಆಮೇಲೆ ಅದನ್ನು ಒಯ್ದು ಮಾರುವ ಬೊಂಬೆಗಳ ಸಾಲಿನಲ್ಲಿಟ್ಟರು.