ಇಬ್ಬರ ಕೈ ಬೇಡುವ ಕೆಲಸ

ಅಣ್ಣಾ,

ನೀನು ಅರ್ಧಕ್ಕೆ ಬಿಟ್ಟ ಕೆಲಸ ಇವತ್ತು ಮುಗಿಯಿತು. ನಿನ್ನ ಕಾರಿನ ಗೇರ್‌ಬಾಕ್ಸನ್ನು ಎಂಜಿನ್ನಿನಿಂದ ಬಿಡಿಸಿ ಇಳಿಸಿದೆವು, ನಾನು ಮತ್ತು ಅತ್ತಿಗೆ. ಆ ಕಾರು ಕಣ್ಣೆದುರು ನಿಂತಿರುವವರೆಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ ಎಂದರು ಅವರು. ಕ್ಲಚ್ ಸರಿ ಮಾಡದೆ ಅದನ್ನು ಯಾರೂ ಕೊಳ್ಳುವುದಿಲ್ಲ, ಗೇರ್‌ಬಾಕ್ಸ್ ಇಳಿಸದೆ ಕ್ಲಚ್ಚಿಗೆ ಕೈ ಹೋಗುವುದಿಲ್ಲ.

ಈ ಸಲ ಕಾರನ್ನು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದ್ದೆ. ನೀನು ಜಾಕ್ ಒಂದನ್ನೇ ನಂಬಿ ಕಾರಿನಡಿಗೆ ಹೋಗಿದ್ದೆ, ಅದು ಜಾರಿತು. ನಿನ್ನ ದೇಹವನ್ನು ಹೊರಗೆಳೆಯಲು ಆರು ಜನ ಬೇಕಾಯಿತಂತೆ.

ಕಂಡ ಬೋಲ್ಟುಗಳನ್ನೆಲ್ಲ ಬಿಚ್ಚಿದರೂ ಗೇರ್‌ಬಾಕ್ಸ್ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮೇಲ್ಗಡೆ, ಕಣ್ಣಿಗೆ ಕಾಣದ ಜಾಗದಲ್ಲಿ ಇನ್ನೊಂದು ಬೋಲ್ಟ್ ಉಳಿದಿತ್ತು. ನನ್ನ ಕೈ ಅಲ್ಲಿ ತೂರಲಿಲ್ಲ, ಅತ್ತಿಗೆಯ ಕೈ ತೂರಿತು. ಆಮೇಲೆ ಸಂದಿಗೆ ಕಬ್ಬಿಣದ ಸಲಾಕೆ ಕೊಟ್ಟು ಮೀಟಿದೆ. ಅದು ಒಮ್ಮೆಲೇ ಕಳಚಿಕೊಂಡು ನನ್ನ ಎದೆಯ ಕಡೆಗೆ ವಾಲಿತು. ಅತ್ತಿಗೆ ಆ ಕಡೆಯಿಂದ ಹಿಡಿದುಕೊಂಡರು. ಇಬ್ಬರೂ ಸೇರಿ ಮೆಲ್ಲಗೆ ಹಳೇ ಟೈರಿನ ಮೇಲೆ ಕೂರಿಸಿದೆವು.

ಅತ್ತಿಗೆ ಅಲ್ಲೇ ನೆಲದ ಮೇಲೆ ಕುಳಿತು ಕೈ ಒರೆಸಿಕೊಂಡರು.

"ಇದು ಒಬ್ಬರ ಕೈಲಾಗೋ ಕೆಲಸ ಅಲ್ಲ ಅಂತ ಅವರಿಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಅತ್ತಿಗೆ."

"ಮತ್ತೆ ಅವತ್ತು ನಿನ್ನ ಕರೀಲೇ ಇಲ್ವಾ?"

ನಾವು ಮಾತು ಬಿಟ್ಟು ವರ್ಷವಾಗಿದ್ದರೂ ಅವತ್ತು ನೀನು ಎರಡು ಸಲ ಫೋನ್ ಮಾಡಿದ್ದೆ, ನಾನು ಎತ್ತಿರಲಿಲ್ಲ. ನಾನು ಸ್ಪ್ಯಾನರುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತಾ, "ಇಲ್ಲ" ಅಂದೆ.

"ಒಡಹುಟ್ಟಿದವನನ್ನ ಒಂದು ಮಾತು ಕರೆಯೋಕೂ ಅಷ್ಟು ಬಿಗುಮಾನ ನಿಮ್ಮಣ್ಣಂಗೆ," ಎಂದು ಅವರು ನಿನ್ನನ್ನು ಬೈಯತೊಡಗಿದರು. ಬಹಳ ಹೊತ್ತು ಬೈದರು. ನಾನು ತಡೆಯಲಿಲ್ಲ.